ಅಣ್ಣನ ಮೂಗು ಹಿಡಿದ ಬಾಯಿಲೆಕ್ಕ

ಮಗನ ಮಕ್ಕಳೇ, ಮಗಳ ಮಕ್ಕಳೇ, ನಾನು ಬಾಯಲ್ಲೇ ಲೆಕ್ಕ ಹೇಳಿದರೆ ಎಲ್ಲಿ ಕಲಿತೆ ಎಂದು ಕೇಳುತ್ತೀರಿ. ಎದುರು ಕೂತು ಹೇಳಲು ನನಗೆ ನಾಚಿಕೆ. ನಿಮ್ಮ ಅಜ್ಜ ಇದ್ದಾಗ ಅವರಿಗೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ಹಲವಾಗಲಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ನಾಲ್ಕನೇ ತರಗತಿ. ಒಮ್ಮೆ ಫೇಲಾಗಿದ್ದ ಅಣ್ಣನೂ ಅದೇ ತರಗತಿಯಲ್ಲಿದ್ದ. ಬಾಯಿಲೆಕ್ಕಕ್ಕೆ ಉತ್ತರ ಹೇಳಿದವರು ಹೇಳದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು, ಅದು ಶಾಲೆಯ ರೂಢಿ. ಮೆಲ್ಲಗೆ ಹೊಡೆದರೆ ಇಬ್ಬರಿಗೂ ಮೇಷ್ಟ್ರ ಏಟು.

ಅಜ್ಜಿ ಮೊದಲೇ ಹೇಳಿಬಿಟ್ಟಿದ್ದಳು: "ಅಣ್ಣನ ಮೂಗಿಗೆ ಕೈ ಹಚ್ಚಿದ್ದು ನನ್ನ ಕಿವಿಗೆ ಬಿದ್ರ, ಮರುದಿನದಿಂದ ನೀನು ಕಳೆ ಕೀಳಾಕ ಹೋಗಾಕಿ. ಸಾಲಿ ಅಷ್ಟಕ್ಕ ಮುಗೀತು."

ಅಪ್ಪ ಅಜ್ಜಿಯ ಮಾತು ಮೀರುವವನಲ್ಲ. ಹುಡುಗರ ಸಾಲಿನ ತುದಿಗೆ ಅಣ್ಣ, ಅದರ ಪಕ್ಕಕ್ಕೇ ಹುಡುಗಿಯರ ಸಾಲಿನ ತುದಿಗೆ ನಾನು. ಉತ್ತರವನ್ನು ಅವನಿಗೆ ಉಸುರಿ ಸುಮ್ಮನಾಗುತ್ತಿದ್ದೆ.

ವರ್ಷದ ನಡುವೆ ಬಂದ ಹೊಸ ಮೇಷ್ಟ್ರಿಗೆ ಬರೀ ಉತ್ತರ ಸಾಲದು. ಅದು ಹೇಗೆ ಬಂತೆಂದು ಎಲ್ಲರೆದುರು ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಒಂದು ದಿನ ಕೇಳಿದರು: "ಸಾಲಿಗೆ ಹತ್ತೊಂಬತ್ತು ಮೆಣಸಿನ ಸಸಿ, ಆರು ಸಾಲು. ಒಟ್ಟು ಎಷ್ಟು?"

ನಾನು ಉಸುರಿದೆ. ಅಣ್ಣ ಎದ್ದು, "ನೂರಾ ಹದಿನಾಲ್ಕು ಸಾರ್" ಎಂದ.

"ಹೆಂಗ ಬಂತು?"

"ಮಗ್ಗಿ ಸಾರ್."

"ಹಂಗಾರ ಹತ್ತೊಂಬತ್ತರ ಮಗ್ಗಿ ಹೇಳು."

ಎರಡನೆಯದಕ್ಕೇ ತಡವರಿಸಿದ. ಹಿಂದಿನಿಂದ ಒಬ್ಬ, "ಅವನ ತಲಿ ಆ ಕಡಿ ಸಾಲಿನಾಗ ಕುಂತೈತ್ರಿ ಸಾರ್" ಎಂದ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಕದ್ದ ಉತ್ತರ ಏನಪಾ? ಕೈ ಚಾಚು" ಎಂದು ಬೆತ್ತ ಎತ್ತಿದರು. ಅಣ್ಣ ಕೈ ಚಾಚಿದ. ನನ್ನ ಕಡೆ ತಿರುಗಲಿಲ್ಲ.

ಎದ್ದರೆ ಅಣ್ಣನ ಮೂಗು ಹಿಡಿಯಬೇಕಾಗುತ್ತದೆ, ನನ್ನ ಶಾಲೆ ಹೋಗುತ್ತದೆಂದು ಗೊತ್ತಿತ್ತು. ಆದರೂ ಎದ್ದೆ.

"ನಾ ಹೇಳಿಕೊಟ್ಟಿದ್ದು ಸಾರ್." ನೆಲ ನೋಡುತ್ತ ಹೇಳಿದೆ: "ಸಾಲಿಗೆ ಇಪ್ಪತ್ತು ಅಂತ ಹಿಡದೆ. ಇಪ್ಪತ್ತು ಆರ್ಲಿ ನೂರಾ ಇಪ್ಪತ್ತು. ಆಮ್ಯಾಲ ಆರು ತೆಗದೆ. ನಮ್ಮವ್ವ ಸಸಿ ಹಚ್ಚುವಾಗ ಹಂಗ ಎಣಿಸ್ತಾಳ."

ಪಕ್ಕದ ಹುಡುಗಿ ಬಿಡಲಿಲ್ಲ. "ಒಂದು ಹೆಚ್ಚಿಗಿ ಹಿಡದಿ. ಒಂದು ತೆಗದ್ರ ಸಾಲದೇನ? ಆರು ಯಾಕ?"

"ಒಂದು ತೆಗದ್ರ ಒಂದು ಸಾಲಿಂದು ಸರಿಹೋಗತೈತಿ. ಉಳಿದ ಐದು ಸಾಲಿಂದು?"

ಅವಳು ಬೆರಳು ಮಡಚಿ ನೋಡಿ ತಲೆಯಾಡಿಸಿದಳು. ಮೇಷ್ಟ್ರು ಬೆತ್ತ ಕೆಳಗಿಟ್ಟರು. ಬದುಕಿದೆ ಅಂದುಕೊಂಡೆ. ಆದರೆ ಅವರು, "ಇನ್ನ ಮೂಗು ಹಿಡಿ. ನಿಮ್ಮಣ್ಣನಿಂದಲೇ ಶುರು ಮಾಡು" ಎಂದರು.

ನಾನು ಕದಲಲಿಲ್ಲ. ಅಣ್ಣನೇ ಬಂದು ನನ್ನ ಎಡಗೈಯನ್ನು ತನ್ನ ಮೂಗಿಗೆ ಹಚ್ಚಿಕೊಂಡ. "ಜೋರಾಗಿ ಹೊಡಿಲೇ, ಇಲ್ಲಾಂದ್ರ ಇಬ್ರಿಗೂ ಬೀಳತಾವ."

ಹೊಡೆದೆ.

ಸಂಜೆ ಅಜ್ಜಿ ಅವನ ಕೆನ್ನೆ ಹಿಡಿದು ಬೆಳಕಿಗೆ ತಿರುಗಿಸಿದಳು. "ಯಾರಲೇ ಹೊಡದಿದ್ದು?" ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಣ್ಣ ರೊಟ್ಟಿ ಮುರಿಯುತ್ತ, "ಮೇಷ್ಟ್ರು. ಲೆಕ್ಕ ಬರಲಿಲ್ಲ" ಎಂದ.

"ಬರಲಿಲ್ಲಂದ್ರ ಮುದ್ದು ಮಾಡ್ತಾರೇನು" ಎಂದು ಅಜ್ಜಿ ಕೈಬಿಟ್ಟಳು.

ಮರುದಿನ ನಾನು ಶಾಲೆಗೇ ಹೋದೆ. ಏಳನೆಯವರೆಗೂ ಹೋದೆ. ಆ ಮರುದಿನವೇ ದಾರಿಯಲ್ಲಿ ಅಣ್ಣ ಕೇಳಿದ: "ಸಾಲಿಗೆ ಹದಿನೆಂಟು ಸಸಿ ಇದ್ದಿದ್ರ ಎಷ್ಟು ತೆಗಿತಿದ್ದಿ?" ನೀನೇ ಹೇಳು ಎಂದೆ. ಶಾಲೆಯ ಕಟ್ಟೆ ಬರುವತನಕ ಬೆರಳು ಮಡಚುತ್ತ ನಡೆದ. ಆಮೇಲೆ, "ಹನ್ನೆರಡು" ಎಂದ.

ಮೇಷ್ಟ್ರು ಹೊಡೆದರೆಂದು ಅವನು ಅಜ್ಜಿಗೆ ಹೇಳಿದ ಆ ಸುಳ್ಳನ್ನು ಬರೆದಿಟ್ಟ ಕಾಗದ ಇದೊಂದೇ. ಗೆದ್ದಲು, ನೀರು ತಾಗದ ಕಡೆ ಇಡಿ, ನನ್ನ ಕೂಸುಗಳೇ.