ಎದುರುಮನೆಯ ಹೊಗೆ

ಮಧುಗಿರಿಯ ಚೌಡಯ್ಯನವರಿಗೆ ಅರ್ಜಿ ಬರೆಯುವುದು ಎಲೆ ಅಡಿಕೆ ಹಾಕಿಕೊಂಡಷ್ಟೇ ಅಭ್ಯಾಸ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಟಿಕೆಟ್ ಹರಿದ ಕೈ ಸುಮ್ಮನಿರಬೇಕಲ್ಲ. ಬೀದಿದೀಪ, ಚರಂಡಿ, ಹಂದಿ ಎಲ್ಲದರ ಮೇಲೂ ಪುರಸಭೆಗೆ ಬರೆದರು. ಈ ಚಳಿಗಾಲದ ಸರದಿ ಎದುರುಮನೆಯ ಸಣ್ಣಕ್ಕನದು. ಆಕೆ ಸೌದೆ ಒಲೆಯಲ್ಲಿ ತಟ್ಟೆ ಇಡ್ಲಿ ಬೇಯಿಸಿ ಮಾರುತ್ತಿದ್ದಳು. ಅವಳ ಹೊಗೆಯಿಂದ ತಮ್ಮ ಗೋಡೆ ಕಪ್ಪಾಗಿದೆ, ಗಂಟಲು ಕಟ್ಟಿದೆ, ಹೋಟೆಲ್ ಮುಚ್ಚಿಸಿ ಎಂದು ಬರೆದರು. ವಿಚಾರಣೆ ತಿಂಗಳ ಕೊನೆಯ ಸೋಮವಾರಕ್ಕೆ ನಿಗದಿಯಾಯಿತು. ಸಣ್ಣಕ್ಕನಿಗೆ ಆ ಹೋಟೆಲ್ ಬಿಟ್ಟರೆ ಅನ್ನದ ದಾರಿ ಬೇರೆ ಇರಲಿಲ್ಲ.

ಅಷ್ಟರಲ್ಲಿ ರಕ್ಷಾ ಬಂದಳು. ಊರಿನ ಗಾಳಿಯಲ್ಲಿ ತೇಲುವ ಸಣ್ಣ ಕಣಗಳು ಎಲ್ಲಿಂದ ಬರುತ್ತವೆಂದು ಸಂಶೋಧನೆ ಮಾಡುತ್ತಿದ್ದ ಹುಡುಗಿ, ಹೊತ್ತುಹೊತ್ತಿಗೂ ಗಾಳಿ ಅಳೆಯುವ ಯಂತ್ರ ಇಡಲು ತಾರಸಿ ಹುಡುಕುತ್ತಿದ್ದಳು. ದೇವರೇ ಸಾಕ್ಷಿ ಕಳಿಸಿದನೆಂದು ಹಿಗ್ಗಿದ ಚೌಡಯ್ಯ ತಮ್ಮ ತಾರಸಿಯನ್ನೇ ಕೊಟ್ಟರು. ಯಂತ್ರಕ್ಕೆ ಕುಂಕುಮ ಹಚ್ಚಲು ಹೋಗಿ ಬೈಸಿಕೊಂಡರು.

ವಿಚಾರಣೆಯ ಹಿಂದಿನ ದಿನ ಯಂತ್ರದ ಲೆಕ್ಕ ಕೇಳಿಸಲು ಬೀದಿಯವರನ್ನೆಲ್ಲ ತಮ್ಮ ಜಗಲಿಯ ಮೇಲೆ ಕೂರಿಸಿದರು. ಸಣ್ಣಕ್ಕನಿಗೂ ಹೇಳಿಕಳಿಸಿದರು, ಮಾನ ಹರಾಜು ಹಾಕುವಾಗ ಆಸಾಮಿ ಎದುರಿಗಿರಬೇಕಲ್ಲ.

"ಕಪ್ಪು ಮಸಿ ಜಾಸ್ತಿ ಏರೋದು ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ," ಎಂದಳು ರಕ್ಷಾ.

"ನಾನು ಒಲೆ ಹಚ್ಚೋದೇ ಆರೂವರೆಗೆ ಕಣಮ್ಮ," ಎಂದಳು ಸಣ್ಣಕ್ಕ.

"ಆರೂವರೆ ಹೊತ್ತಿಗೂ ಒಂದು ಚಿಕ್ಕ ಏರು ಇದೆ. ಮಂಗಳವಾರ ಮಾತ್ರ ಇಲ್ಲ."

"ಮಂಗ್ಳಾರ ನಮ್ಗೆ ರಜ."

"ದೊಡ್ಡದು ಮಂಗಳವಾರಾನೂ ಇದೆ."

ಎಲ್ಲರ ಕಣ್ಣೂ ಚೌಡಯ್ಯನವರತ್ತ ತಿರುಗಿತು. ಆ ಹೊತ್ತಿಗೆ ಏಳುವ ಶಿಸ್ತಿನ ಮನುಷ್ಯ ಬೀದಿಗೆ ತಾವೊಬ್ಬರೇ ಎಂದು ಸಾರಿದ್ದವರು ಚೌಡಯ್ಯನವರೇ. ಗೀಜರ್ ನೀರು ಮೈಗೆ ಹತ್ತುವುದಿಲ್ಲವೆಂದು ಹಿತ್ತಲಲ್ಲಿ ಹಂಡೆ ಕಾಯಿಸುತ್ತಿದ್ದರು. ಸೌದೆ ಯಾಕೆ ದಂಡ ಎಂದು ಪಂಕ್ಚರ್ ಅಂಗಡಿಯ ಹಳೇ ಟೈರು, ಸವೆದ ಚಪ್ಪಲಿ ಒಲೆಗೆ ತುರುಕುತ್ತಿದ್ದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ಎಣಿಸುವ ಕಸುಬು ಇದು.

"ಹೊಗೆ ಅಂದ್ರೆ ಎಲ್ಲಾ ಒಂದೇ ಅಲ್ವೇನಮ್ಮ?" ಎಂದರು, ದನಿ ಇಳಿಸಿ.

"ಅಲ್ಲ ತಾತ. ಕೆಲವು ಕಣ ಬಿಸಿಲನ್ನ ವಾಪಸ್ ಕಳಿಸ್ತವೆ. ಈ ಕಪ್ಪು ಮಸಿ ಬಿಸಿಲು ಹೀರ್ಕೊಂಡು ಗಾಳೀನೇ ಕಾಯಿಸುತ್ತೆ. ಎಲ್ಲಿಂದ ಬಂತು ಅನ್ನೋದೇ ಮುಖ್ಯ."

"ಹಂಡೆ ಜೊತೆಗೆ ಮಧುಗಿರೀನೂ ಕಾಯಿಸ್ಬುಟ್ರಲ್ಲ ಚೌಡಯ್ಯಣ್ಣ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಸಣ್ಣಕ್ಕ ನಗಲಿಲ್ಲ. ಚೌಡಯ್ಯನವರಿಗೆ ನಾಚಿಕೆಯಾಗಿದ್ದು ಅದಕ್ಕೇ.

ಸೋಮವಾರ ಪುರಸಭೆಗೆ ಹೋಗಿ ಅರ್ಜಿ ವಾಪಸ್ ಕೇಳಿದರು. ಕಾರಣ ಬರೆಯದೆ ಆಗುವುದಿಲ್ಲ ಎಂದ ಗುಮಾಸ್ತ. 'ಆರೋಗ್ಯ ಸರಿಯಿಲ್ಲ' ಎಂದು ಬರೆದು ಹೊಡೆದುಹಾಕಿದರು. 'ರಾಜಿಯಾಗಿದೆ' ಎಂದು ಬರೆದು ತಲೆಯೆತ್ತಿದರು. ಹೋಟೆಲಿಗೆ ಬೀಗ ಹಾಕಿ ಬಂದಿದ್ದ ಸಣ್ಣಕ್ಕ ಬಾಗಿಲಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದಳು. ಬರೆದ ಆ ಮಾತನ್ನೂ ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ 'ಹೊಗೆ ನನ್ನದು' ಎಂದು ಬರೆದು ಸಹಿ ಹಾಕಿದರು.

ಸಣ್ಣಕ್ಕ ಹತ್ತಿರ ಬಂದು ಬಗ್ಗಿ ಓದಿದಳು.

"ನನ್ ಒಲೇದೂ ಒಸಿ ಐತೆ ಕಣಣ್ಣ," ಎಂದಳು. "ಸಹಿ ಮೇಲೆ ಜಾಗ ಐತಲ್ಲ, ಅದ್ನೂ ಬರೀರಿ."