ಗಿರಿಜಕ್ಕನ ಅರ್ಜಿಗೆ ನನ್ನ ಹೆಸರು

ಹಾಲೆಂಡಿಗೆ ಹೋಗಬೇಕಾಗಿದ್ದವರು ಗಿರಿಜಕ್ಕ. ಹೋದವಳು ನಾನು. ಅವರ ಅರ್ಜಿಗೆ ನನ್ನ ಹೆಸರು ಹಾಕಿ ಕಳಿಸಿದ್ದೆ — ಇದನ್ನು ಏಳು ವರ್ಷ ಯಾರಿಗೂ ಹೇಳಲಿಲ್ಲ.

ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಬಿಎಸ್ಸಿ ಓದಿ, ದಿನಾ ಬ್ಯಾಡಗಿಯಿಂದ ಬಸ್ಸಿಗೆ ಬಂದು ಆಫೀಸಿನ ಕಾಗದಪತ್ರ ನೋಡುತ್ತಿದ್ದೆ. ಗಿರಿಜಕ್ಕ ಪಿಯುಸಿ ಓದಿದವರು. ಮೇಡ್ಲೇರಿಯ ಹೊಲಗಳಲ್ಲಿ ಟೊಮೆಟೊ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸುವ ಹೆಂಗಸರಿಗೆ ಅವರೇ ಮೇಲ್ವಿಚಾರಕಿ. ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ದಾರ ಕೊಟ್ಟು, ಅವರು ಮುಟ್ಟಿದ ಹೂವಿಗೆ ಕಟ್ಟಿಸುತ್ತಿದ್ದರು. ಯಾವ ಬಣ್ಣದ ಹೂವು ಕಾಯಿ ಕಟ್ಟದೆ ಉದುರಿತೋ ಆ ಹೆಂಗಸಿನ ಪಕ್ಕ ಕುಳಿತು ಕೈ ತಿದ್ದುತ್ತಿದ್ದರು. ಅವರು ಬೈದದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ಹಾಲೆಂಡಿನ ಒಂದು ಸಂಸ್ಥೆ ಬೀಜೋತ್ಪಾದನೆಯ ತರಬೇತಿಗೆ ಅರ್ಜಿ ಕರೆದಿತ್ತು. ನಾಲ್ಕು ತಿಂಗಳು, ವಿಮಾನದ ಟಿಕೆಟ್ಟು, ಊಟ, ವಸತಿ ಎಲ್ಲ ಅವರದೇ. ಹೊಲದಲ್ಲಿ ನೀವು ಸ್ವತಃ ಮಾಡಿದ ಹೊಸ ಕೆಲಸವೇನು, ಬರೆಯಿರಿ ಎಂದು ಕೇಳಿದ್ದರು. ಗಿರಿಜಕ್ಕ ಆಸೆಪಟ್ಟರು. “ತಂಗಿ, ನನಗ ಇಂಗ್ಲಿಷ್ ಓದಾಕ ಬರ್ತೈತಿ, ಬರಿಯಾಕ ಕೈ ಓಡಂಗಿಲ್ಲ. ನಾ ಹೇಳ್ತೀನಿ, ನೀ ಬರದು ಕೊಡ್ತಿ?”

ಎರಡು ಮಧ್ಯಾಹ್ನ ಅವರು ದಾರದ ಉಪಾಯವನ್ನೆಲ್ಲ ಹೇಳಿದರು, ನಾನು ಬರೆದೆ. ನನ್ನದೂ ಒಂದು ಅರ್ಜಿ ಬರೆಯಲು ಕುಳಿತೆ. ಏನು ಬರೆಯಲಿ? ನಾನು ಹೊಲಕ್ಕೆ ಕಾಲಿಟ್ಟದ್ದೇ ಅಪರೂಪ.

ರಾಣೆಬೆನ್ನೂರಿಗೆ ಇಂಟರ್‌ನೆಟ್ ಅಂಗಡಿ ಹೊಸದಾಗಿ ಬಂದಿದ್ದ ದಿನಗಳವು. ಇಬ್ಬರ ಅರ್ಜಿಯನ್ನೂ ನಾನೇ ಕಳಿಸುತ್ತೇನೆಂದು ಹೇಳಿ ಬಂದು, ಅಲ್ಲಿ ಕುಳಿತು ಗಿರಿಜಕ್ಕನ ಮಾತೆಲ್ಲ ಟೈಪು ಮಾಡಿದೆ. ಹೆಸರಿನ ಜಾಗಕ್ಕೆ ಬಂದಾಗ — ಕೈ ತಪ್ಪಿತು ಎನ್ನಲಾರೆ. ಯೋಚಿಸಿಯೇ ನನ್ನ ಹೆಸರು ಹಾಕಿದೆ. ಅವರ ಹೆಸರಿನಲ್ಲಿ ಏನನ್ನೂ ಕಳಿಸಲಿಲ್ಲ.

ಉತ್ತರ ಬಂದ ದಿನ ಅವರೆದುರು ನಿಂತು ಹೇಳಿದೆ: “ಅಕ್ಕಾರ, ನಿಮ್ಮದು ಆಗಲಿಲ್ರಿ. ನಂದು ಆಗೇತಿ.”

ಅವರು, “ಇರ್ಲಿ ಬಿಡವಾ, ಇಬ್ಬರೊಳಗ ಒಬ್ಬರದರ ಆತಲ್ಲ. ಚಲೋತ್ನಾಗಿ ಕಲ್ತು ಬಾ” ಎಂದರು. ಹೊರಡುವ ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಿದ್ದರು.

ಹಾಲೆಂಡ್ ನನಗೆ ತುಂಬ ಕೊಟ್ಟಿತು. ಬೀಜದ ಮೊಳಕೆ ಪರೀಕ್ಷಿಸಲು ಕಲಿತೆ, ಅನುಮಾನ ಬಂದಾಗ ಕೈ ಎತ್ತಿ ಕೇಳಲು ಕಲಿತೆ. ನನ್ನ ತಪ್ಪು ಇಂಗ್ಲಿಷಿಗೆ ಅಲ್ಲಿ ಯಾರೂ ನಗಲಿಲ್ಲ. ಈಗ ಹಾವೇರಿಯಲ್ಲಿ ರೈತರಿಗೆ ತರಬೇತಿ ಕೊಟ್ಟು ಬದುಕುತ್ತಿರುವುದೂ ಆ ನಾಲ್ಕು ತಿಂಗಳ ಪುಣ್ಯದಿಂದಲೇ. ಅಲ್ಲಿಯ ಗುರುಗಳನ್ನು ನೆನೆಯದ ದಿನವಿಲ್ಲ. ಆದರೆ ಅವರೇ ಒಂದು ದಿನ ದಾರದ ಉಪಾಯವನ್ನು ನನ್ನಿಂದ ತರಗತಿಗೆ ಹೇಳಿಸಿ, ಇದು ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದರು. “ಕೆಲಸ ಮಾಡುತ್ತಾ ಹೊಳೆಯಿತು” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು — ಆ ಚಪ್ಪಾಳೆಯ ಹೊತ್ತಿನಲ್ಲಿ ನಾನೂ ನಕ್ಕಿದ್ದೆ.

ಗಿರಿಜಕ್ಕ ಮತ್ತೆ ಯಾವುದಕ್ಕೂ ಅರ್ಜಿ ಹಾಕಲಿಲ್ಲ. ಕಂಪನಿಯವರು ಪುಣೆಯ ತರಬೇತಿಗೆ ಕಳಿಸುತ್ತೇವೆಂದಾಗಲೂ, “ಒಮ್ಮೆ ಅರ್ಜಿ ಹಾಕಿ ನೋಡಿದ್ನಲ್ರಿ, ನನ್ನ ಕೆಲಸ ಅಷ್ಟಕ್ಕಷ್ಟ” ಎಂದರಂತೆ. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಹೋದ ತಿಂಗಳು ಮೇಡ್ಲೇರಿಗೆ ಹೋಗಿ, ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ.

“ಹಾಲೆಂಡಿನವರು ಓದಿದ್ದು ನಾ ಹೇಳಿದ್ದೇನು?”

“ಹೂಂ ಅಕ್ಕಾರ. ಒಂದು ಮಾತೂ ಬದಲಿ ಮಾಡಿಲ್ರಿ, ಹೆಸರೊಂದು ಬಿಟ್ಟು.”

“ಅಂದ್ರ...” ಅವರ ದನಿ ತಗ್ಗಿತು. “ಅಂದ್ರ ನಾ ಪಾಸಾಗಿದ್ನಿ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದು ಕೊಟ್ಟರು. ಆ ಸಂಸ್ಥೆಗೆ ಈಗ ಈ ಸತ್ಯವನ್ನೆಲ್ಲ ಬರೆದು ಕಳಿಸಿದ್ದೇನೆ. ಅವರು ನನ್ನ ಪ್ರಮಾಣಪತ್ರವನ್ನು ಮರಳಿ ಕೇಳಿದರೆ ಕೊಡುತ್ತೇನೆ. ನನಗೆ ಬದುಕು ಕೊಟ್ಟವರು ಗಿರಿಜಕ್ಕ — ಅದನ್ನು ಅವರಿಗೇ ಗೊತ್ತಾಗದ ಹಾಗೆ ನಾನು ತೆಗೆದುಕೊಂಡೆ.