ಕುದಿಸಿದ ನೀರಿನಲ್ಲಿ ಹಸಿರು

ನವಿ ಮುಂಬಯಿಯ ಘಣಸೋಲಿಯ ಪ್ರಯೋಗಾಲಯದಲ್ಲಿ ನಾನು ಎರಡು ವರ್ಷ ಮಾಡಿದ್ದು ಜೋಡಣೆಯ ಕೆಲಸ. ಎರಡು ಪ್ರೋಟೀನುಗಳನ್ನು ಒಂದೇ ಎಳೆಯಾಗಿ ಬೆಸೆಯಬೇಕು. ಒಂದು ತುದಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಮೈಯನ್ನು ಗಟ್ಟಿಯಾಗಿ ಹಿಡಿಯಬೇಕು, ಇನ್ನೊಂದು ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯಬೇಕು. ನಡುವಿನ ಕೊಂಡಿ ಗಿಡ್ಡವಾದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ. ಹನ್ನೊಂದು ಕೊಂಡಿಗಳು ಕೈಕೊಟ್ಟ ಮೇಲೆ ಹನ್ನೆರಡನೆಯದು ಸರಿಯಾಗಿ ಕೂತಿತು. ನೀರನ್ನು ಕಾಗದದಲ್ಲಿ ಸೋಸಿ, ಅದರ ಮೇಲೆ ನಮ್ಮ ಪ್ರೋಟೀನು ಹನಿಸಿ ತೊಳೆದರೆ, ಬ್ಯಾಕ್ಟೀರಿಯಾ ಇದ್ದಲ್ಲಿ ಮಾತ್ರ ಹಸಿರು ಉಳಿಯುತ್ತಿತ್ತು. ಆ ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಪ್ಪನ ಹೋಟೆಲು ಡೊಂಬಿವಲಿ ಪೂರ್ವದಲ್ಲಿ. ಬಿಲ್ಡಿಂಗಿನ ಟ್ಯಾಂಕಿನ ನೀರನ್ನು ಅವರು ಎಂದೂ ನಂಬಿದವರಲ್ಲ. ಕುದಿಸಿ ಆರಿಸಿದ ನೀರೇ ಗಿರಾಕಿಗಳ ಲೋಟಕ್ಕೆ. ಉಡುಪಿಯಿಂದ ಬಂದು ಹೋಟೆಲು ತೆರೆದಾಗಿನಿಂದ ಅದೇ ಪದ್ಧತಿ. ಕುದಿಸುವ ಕೆಲಸ ವಿಜಯಪುರದ ಕಡೆಯ ಒಬ್ಬರದು. ಹದಿನೈದು ವರ್ಷದಿಂದ ಬೆಳಿಗ್ಗೆ ಮೊದಲು ಹೊತ್ತಿಕೊಳ್ಳುವ ಒಲೆ ಅವರದೇ. ನನ್ನ ಶಾಲೆಯ ಬಾಟಲಿಯನ್ನೂ ಅವರೇ ತುಂಬಿಸಿಕೊಡುತ್ತಿದ್ದರು.

ಒಂದು ಭಾನುವಾರ ನನ್ನ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು ಹೋಟೆಲಿಗೆ ಹೋದೆ. ಅಪ್ಪನ ಕೈಲಿ ಹೊಗಳಿಸಿಕೊಳ್ಳುವ ಆಸೆ, ಬೇರೇನಲ್ಲ. ಕುದಿಸಿದ ನೀರಿನ ಹಂಡೆಯಿಂದ ಒಂದು ಲೋಟ ತೆಗೆದು ಸೋಸಿ, ಪ್ರೋಟೀನು ಹನಿಸಿ ತೊಳೆದು, ನೀಲಿ ದೀಪ ಹಿಡಿದೆ. ಕಾಗದದ ತುಂಬ ಹಸಿರು. ಇದೇನು ಎಂದು ಅಪ್ಪ ಕೇಳಿದರು. ನೀರಿನಲ್ಲಿ ಬ್ಯಾಕ್ಟೀರಿಯಾ ಇದೆ ಎಂದುಬಿಟ್ಟೆ.

ಅಪ್ಪ ಕೂಗಾಡಲಿಲ್ಲ. ಆ ಮನುಷ್ಯನನ್ನು ಕರೆದು, ಗ್ಯಾಸು ಉಳಿಸಲು ಬರೀ ಬಿಸಿ ಮಾಡಿ ಇಳಿಸಿದೆಯಾ ಎಂದು ಕೇಳಿದರು.

“ಕುದಿಸೀನ್ರಿ ಸೇಠ್. ಗುಳ್ಳಿ ಎದ್ದ ಮ್ಯಾಲೂ ನಿಂತಿದ್ದೆ” ಎಂದು ಅವರು ನನ್ನತ್ತ ನೋಡಿದರು.

ನಾನು ಕಾಗದವನ್ನು ಅವರ ಮುಂದೆ ಹಿಡಿದೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆಂದು ನನಗೆ ಅನಿಸಲೇ ಇಲ್ಲ. ಮರುದಿನದಿಂದ ಹೋಟೆಲಿಗೆ ಕ್ಯಾನಿನ ನೀರು ಬಂತು, ಅವರು ಪಾತ್ರೆ ತೊಳೆಯುವ ಕಡೆಗೆ ಹೋದರು.

ಅದೇ ನೀರನ್ನು ಒಂದು ಬಾಟಲಿಯಲ್ಲಿ ತಂದಿದ್ದೆ. ರೂಢಿಯಂತೆ ಸೋಮವಾರ ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಸವರಿಟ್ಟೆ. ಮಂಗಳವಾರ ನೋಡಿದರೆ ತಟ್ಟೆಯಲ್ಲಿ ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ಆಗ ಹೊಳೆಯಿತು. ನಮ್ಮ ಪ್ರೋಟೀನು ಹಿಡಿಯುವುದು ಬ್ಯಾಕ್ಟೀರಿಯಾದ ಮೈಯನ್ನು; ಜೀವ ಇದೆಯೋ ಹೋಗಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಕುದಿಸಿದ ನೀರಿನಲ್ಲಿ ಅವುಗಳ ಹೆಣಗಳು ಉಳಿದಿದ್ದವು, ಅಷ್ಟೇ. ಈ ಮಾತನ್ನು ನಾನೇ ನನ್ನ ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ಬರೆದಿದ್ದೆ. ಹೊಗಳಿಕೆಯ ಹಸಿವಿನಲ್ಲಿ ಮರೆತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಂದೇ ಥಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ಡೊಂಬಿವಲಿಗೆ ಹೋದೆ. ಇಬ್ಬರನ್ನೂ ಕೂರಿಸಿ ನನ್ನ ತಪ್ಪನ್ನು ಹೇಳಿದೆ. ಅಪ್ಪ ತಲೆ ತಗ್ಗಿಸಿದರು. ವಿಜಯಪುರದವರು ಸೋಪಿನ ಕೈಯನ್ನು ಒರೆಸಿಕೊಳ್ಳುತ್ತ ಕೇಳಿದರು:

“ಅಂದ್ರ ಅವು ಸತ್ತಿದ್ವೇನ್ರಿ?”

ಹೌದು, ನೀವು ಕುದಿಸಿದ್ದರಿಂದಲೇ ಸತ್ತಿದ್ದವು ಎಂದೆ.

“ಮತ್ತ ಸತ್ತಿದ್ದನ್ನ ತೋರಿಸಿ ನನ್ನ ಸುಳ್ಳ ಮಾಡಿದ್ರಲ್ರಿ, ಅಕ್ಕಾರ.”

ಕ್ಷಮಿಸಿ ಎಂದೆ. ಅದರಿಂದ ಏನೂ ಆಗಲಿಲ್ಲ. ನಾಳೆಯಿಂದ ಒಲೆ ನೀನೇ ಹಚ್ಚು ಎಂದು ಅಪ್ಪ ಹೇಳಿದ್ದಕ್ಕೆ, ಬ್ಯಾಡ್ರಿ, ಪಾತ್ರೆನೇ ತೊಳೀತೀನಿ ಎಂದು ಎದ್ದುಹೋದರು.

ಈಗ ನೀರು ಕುದಿಸುವುದು ಅಪ್ಪನೇ. ಮೊನ್ನೆ ಹೋದಾಗ ಹಂಡೆ ಒಲೆಯ ಮೇಲಿತ್ತು, ಅಪ್ಪ ಉರಿ ಸಣ್ಣ ಮಾಡಲು ಕೈ ಚಾಚಿದ್ದರು. ತೊಳೆದ ತಟ್ಟೆಗಳನ್ನು ಹೊತ್ತು ಹೋಗುತ್ತಿದ್ದ ಅವರು ನಿಂತು, ಮುಚ್ಚಳ ಎತ್ತಿ ಒಳಗೆ ನೋಡಿದರು.

“ಇನ್ನೂ ಸ್ವಲ್ಪ ಬಿಡ್ರಿ, ಸೇಠ್” ಎಂದು ಮುಚ್ಚಿಟ್ಟು ಹೋದರು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು.